ಗೆಕ್ಕೋ ಮರಿಗೆ ಚಾಕಿ ಹುಳು ಕೊಡಬಹುದೇ?

ಪ್ರಶ್ನೆ: ಡಾಕ್ಟ್ರೇ, ನಾವು ಶಿಡ್ಲಘಟ್ಟ ತಾಲ್ಲೂಕಿನವರು. ಮಗ ಹಟ ಹಿಡಿದ ಅಂತ ಬೆಂಗಳೂರಿನಿಂದ ಎರಡು ಲೆಪರ್ಡ್ ಗೆಕ್ಕೋ (ಮನೆಯಲ್ಲಿ ಸಾಕುವ ಒಂದು ಜಾತಿಯ ಹಲ್ಲಿ) ಮರಿ ತಂದೆವು. ಮೂರು ವಾರದ ಮರಿಗಳು ಅಂತ ಹೇಳಿ, ಒಂದು ಡಬ್ಬಿ ಮೀಲ್‌ವರ್ಮ್ ಕೊಟ್ಟು ಕಳಿಸಿದ್ದರು. ಅದು ಮುಗೀತಾ ಬಂತು. ಒಂದು ಮರಿ ಚೆನ್ನಾಗಿ ತಿನ್ನುತ್ತದೆ. ಇನ್ನೊಂದು ನಾಲ್ಕು ದಿನದಿಂದ ಏನೂ ಮುಟ್ಟಿಲ್ಲ. ನಮ್ಮ ಕಡೆ ಇಂಥ ಹುಳು ಮಾರುವ ಅಂಗಡಿ ಇಲ್ಲ. ಹಿತ್ತಲಲ್ಲಿ ಮಿಡತೆ, ಜಿರಳೆ ಸಿಗುತ್ತವೆ. ಪಕ್ಕದ ಮನೆಯವರು ರೇಷ್ಮೆ ಮಾಡುತ್ತಾರೆ. ಆ ಹುಳು ಕೊಡಬಹುದಾ? ಯಾವುದು ಕೊಟ್ಟರೆ ಒಳ್ಳೇದು?

ಉತ್ತರ: ಕೊಡಬಹುದು. ಪಕ್ಕದ ಮನೆಯ ರೇಷ್ಮೆ ಹುಳು, ಅದರಲ್ಲೂ ಚಾಕಿ ಹುಳು ಅನ್ನೋ ಎಳೆ ಹುಳು, ನಿಮ್ಮ ಮರಿಗೆ ಸಿಗಬಹುದಾದ ಒಳ್ಳೆಯ ಆಹಾರಗಳಲ್ಲಿ ಒಂದು. ಆದರೆ ಆ ಹುಳು ಏನು ತಿಂದಿದೆ, ಅದರ ಮೈಮೇಲೆ ಏನು ಬಿದ್ದಿದೆ ಅನ್ನೋದು ನಿಮಗೆ ಗೊತ್ತಿರಬೇಕು. ಹುಳುವಿನ ಹೊಟ್ಟೆಯಲ್ಲಿ ಇರೋದೆಲ್ಲ ಮರಿಯ ಹೊಟ್ಟೆಗೂ ಹೋಗುತ್ತದೆ. ಯಾವ ಹುಳು ಕೊಡಬೇಕು ಅನ್ನೋದಕ್ಕಿಂತ ಈ ಮಾತು ದೊಡ್ಡದು.

ಅದಕ್ಕೂ ಮೊದಲು ತಿನ್ನದ ಮರಿಯ ವಿಷಯ. ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಇವತ್ತೇ ಬೇರೆ ಮಾಡಿ. ನನ್ನ ಹತ್ತಿರ ಬರುವ 'ತಿನ್ನಲ್ಲ' ಅನ್ನೋ ಮರಿಗಳಲ್ಲಿ ಎಷ್ಟೋ ಮರಿಗಳಿಗೆ ಕಾಯಿಲೆ ಇರೋದಿಲ್ಲ, ಭಯ ಇರುತ್ತದೆ. ಜೋರಾಗಿರುವ ಮರಿ ಬೆಚ್ಚಗಿನ ಜಾಗ ಹಿಡಿದುಕೊಳ್ಳುತ್ತದೆ, ಊಟಕ್ಕೂ ಅದೇ ಮುಂದೆ ಬರುತ್ತದೆ. ಇನ್ನೊಂದು ಮೂಲೆ ಸೇರುತ್ತದೆ. ಕೆಲವು ಸಲ ಒಂದರ ಬಾಲವನ್ನು ಇನ್ನೊಂದು ಹುಳು ಅಂದುಕೊಂಡು ಕಚ್ಚುವುದೂ ಉಂಟು. ಜೊತೆ ಇಲ್ಲದಿದ್ದರೆ ಬೇಜಾರಾಗುತ್ತೆ ಅಂತ ಮಗ ಅಳಬಹುದು. ಇವು ಒಂಟಿಯಾಗಿ ಇರೋ ಜೀವ ಅಂತ ಹೇಳಿ ಸಮಾಧಾನ ಮಾಡಿ.

ಎರಡನೆಯದು ಬಿಸಿ. ಈ ಮರಿಗಳು ತಮ್ಮ ಮೈಯ ಶಾಖ ತಾವೇ ಹುಟ್ಟಿಸಿಕೊಳ್ಳಲ್ಲ. ಹೊಟ್ಟೆ ಬೆಚ್ಚಗಿಲ್ಲ ಅಂದರೆ ತಿಂದದ್ದು ಅರಗುವುದಿಲ್ಲ. ಅರಗದಿದ್ದರೆ ತಿನ್ನುವುದೂ ಇಲ್ಲ. ಪೆಟ್ಟಿಗೆಯ ಒಂದು ಬದಿಯ ನೆಲ 31ರಿಂದ 33 ಡಿಗ್ರಿ ಸೆಲ್ಸಿಯಸ್ ಇರಬೇಕು. ಇನ್ನೊಂದು ಬದಿ 25ರ ಆಸುಪಾಸು ಇದ್ದರೆ ಸಾಕು. ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆ ಡಿಸೆಂಬರ್, ಜನವರಿಯಲ್ಲಿ ರಾತ್ರಿ ಚಳಿ 15 ಡಿಗ್ರಿ ಹತ್ತಿರಕ್ಕೆ ಇಳಿಯುತ್ತದೆ. ನಮಗೆ ಕಂಬಳಿ ಸಾಕು, ಅದಕ್ಕೆ ಸಾಲದು. ಪೆಟ್ಟಿಗೆಯ ಅಡಿ ಮೂರನೇ ಒಂದು ಭಾಗಕ್ಕೆ ಹೀಟ್ ಮ್ಯಾಟ್ ಹಾಕಿ, ಥರ್ಮೋಸ್ಟಾಟ್ ಜೋಡಿಸಿ. ಕೈ ಇಟ್ಟು ಅಂದಾಜು ಮಾಡಬೇಡಿ, ಥರ್ಮಾಮೀಟರ್ ಇಟ್ಟು ನೋಡಿ. ಬಿಸಿ ಸರಿ ಮಾಡಿದ ಎರಡೇ ದಿನಕ್ಕೆ ಬಾಯಿ ತೆರೆದ ಮರಿಗಳನ್ನು ನಾನು ನೋಡಿದ್ದೇನೆ.

ಈಗ ಹುಳು.

ಮೊಟ್ಟೆಯಿಂದ ಹೊರಬಂದ ಲೆಪರ್ಡ್ ಗೆಕ್ಕೋ ಮರಿ ಹೆಚ್ಚು ಕಡಿಮೆ 3 ಗ್ರಾಂ ತೂಗುತ್ತದೆ. ಮೊದಲ ಮೂರು ನಾಲ್ಕು ದಿನ ಏನೂ ತಿನ್ನುವುದಿಲ್ಲ, ಹೊಟ್ಟೆಯಲ್ಲಿ ಉಳಿದ ಹಳದಿಯಲ್ಲೇ ಬದುಕುತ್ತದೆ. ಮೊದಲ ಪೊರೆ ಬಿಟ್ಟ ಮೇಲೆ ಹಸಿವು ಶುರು. ಅಷ್ಟು ಪುಟ್ಟ ಬಾಯಿಗೆ ಎಷ್ಟು ದೊಡ್ಡ ಹುಳು? ಮರಿಯನ್ನು ಮೇಲಿಂದ ನೋಡಿ. ಎರಡು ಕಣ್ಣುಗಳ ನಡುವೆ ಎಷ್ಟು ಅಗಲ ಇದೆಯೋ ಹುಳು ಅದಕ್ಕಿಂತ ದಪ್ಪ ಇರಬಾರದು. ಉದ್ದ ತಲೆಯ ಉದ್ದವನ್ನು ದಾಟಬಾರದು. ನಿಮ್ಮ ಮರಿಗಳಿಗೆ ಈಗ ಹೆಚ್ಚು ಕಡಿಮೆ ಒಂದು ಸೆಂಟಿಮೀಟರಿನ ಹುಳು ಸರಿ. ಮೈ ಮೆತ್ತಗಿದ್ದರೆ ಒಂದೂವರೆ ಆದರೂ ನಡೆಯುತ್ತದೆ. ದೊಡ್ಡ ಹುಳು ಒಂದು ಕೊಟ್ಟರೆ ಹೊಟ್ಟೆ ತುಂಬುತ್ತೆ ಅಂತ ಅಂದುಕೊಳ್ಳಬೇಡಿ. ಅದನ್ನು ನುಂಗಿ ವಾಪಸ್ ಕಕ್ಕುತ್ತದೆ, ಇಲ್ಲವೇ ಹೊಟ್ಟೆ ಕಟ್ಟಿಕೊಳ್ಳುತ್ತದೆ. ಸಣ್ಣವು ಆರು ಕೊಡಿ.

ಹುಳು ಓಡಾಡುತ್ತಿರಲೇಬೇಕು. ಈ ಮರಿಗಳ ಕಣ್ಣಿಗೆ ಅಲುಗಾಡದ ವಸ್ತು ಊಟ ಅಲ್ಲ. ಸಂಜೆ ದೀಪ ಮಂಕು ಮಾಡಿ ಪಕ್ಕದಲ್ಲಿ ಕೂತು ನೋಡಿ. ಹುಳು ಒಂದು ಚೂರು ಅಲುಗಿದರೆ ಮರಿಯ ತಲೆ ತಟ್ಟನೆ ಆ ಕಡೆ ತಿರುಗುತ್ತದೆ. ಮುಂಗಾಲು ಒಂದನ್ನು ಎತ್ತಿ ಹಾಗೇ ನಿಲ್ಲುತ್ತದೆ. ನಿಧಾನಕ್ಕೆ ಮುಂದೆ ಬರುತ್ತದೆ, ಕತ್ತು ಬಗ್ಗಿಸಿ ಹುಳುವಿನ ಮೇಲೆ ಕಣ್ಣು ನೆಡುತ್ತದೆ. ಆಗ ಬಾಲದ ತುದಿ ನೋಡಿ, ಸಣ್ಣಗೆ ನಡುಗಲು ಶುರುವಾಗುತ್ತದೆ. ಮರುಕ್ಷಣ ಹುಳು ಬಾಯಲ್ಲಿ. ಎರಡು ಸಲ ಕಚ್ಚಿ, ಕಣ್ಣು ಮುಚ್ಚಿ ನುಂಗಿ, ನಾಲಿಗೆಯಿಂದ ಬಾಯಿ ಸವರಿಕೊಳ್ಳುತ್ತದೆ. ಬಾಲ ನಡುಗಿತು ಅಂದರೆ ಮರಿಗೆ ಹಸಿವಿದೆ. ಹುಳು ಮುಂದೆ ಹರಿದರೂ ಮುಖ ತಿರುಗಿಸಿತು ಅಂದರೆ ಬಿಸಿ ಸಾಲದು, ಇಲ್ಲ ಭಯ ಇದೆ, ಇಲ್ಲ ಪೊರೆ ಬಿಡುವ ಹೊತ್ತು.

ನಾನು ಹುಟ್ಟಿ ಬೆಳೆದದ್ದು ಚಿಂತಾಮಣಿ ಕಡೆಯ ಒಂದು ರೇಷ್ಮೆ ಮನೆಯಲ್ಲಿ. ಚಿಕ್ಕಂದಿನಲ್ಲಿ ಅಜ್ಜಿ ಕೋಳಿ ಗರಿಯಲ್ಲಿ ಮರಿ ಹುಳುಗಳನ್ನು ತಟ್ಟೆಗೆ ಸವರಿ ಹಾಕುವುದನ್ನು ನೋಡುತ್ತಾ ಕೂರುತ್ತಿದ್ದೆ. ಅದಕ್ಕೇ ಈ ಭಾಗವನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಬೇರೆ ದೇಶಗಳಲ್ಲಿ ಗೆಕ್ಕೋ ಸಾಕುವವರು ರೇಷ್ಮೆ ಹುಳುವನ್ನು ಡಬ್ಬಿಯ ಲೆಕ್ಕದಲ್ಲಿ ದುಡ್ಡು ಕೊಟ್ಟು ತರಿಸಿಕೊಳ್ಳುತ್ತಾರೆ. ನಿಮಗೆ ಗೋಡೆಯಾಚೆ ಸಿಗುತ್ತಿದೆ.

ಈ ಹುಳು ಮರಿಗೆ ಯಾಕೆ ಒಳ್ಳೇದು? ಮೈ ಮೆತ್ತಗೆ, ಗಟ್ಟಿ ಚಿಪ್ಪಿಲ್ಲ. ಕಚ್ಚುವುದಿಲ್ಲ, ನೆಗೆಯುವುದಿಲ್ಲ, ತಪ್ಪಿಸಿಕೊಂಡು ಮಂಚದ ಕೆಳಗೆ ಸೇರುವುದಿಲ್ಲ. ಕೊಬ್ಬು ತುಂಬಾ ಕಡಿಮೆ, ತೂಕದಲ್ಲಿ ನೂರಕ್ಕೆ ಒಂದರ ಹತ್ತಿರ. ಮೀಲ್‌ವರ್ಮಿನಲ್ಲಿ ಅದು 13ರ ಆಸುಪಾಸು. ಆದರೆ ಒಂದು ಮಾತು. ರೇಷ್ಮೆ ಹುಳುವಿನ ತೂಕದಲ್ಲಿ ನೂರಕ್ಕೆ 80ಕ್ಕೂ ಜಾಸ್ತಿ ನೀರು. ಸುಮಾರು 9 ಪಾಲು ಮಾತ್ರ ಪ್ರೋಟೀನ್. ಕ್ರಿಕೆಟ್ ಹುಳುವಿನಲ್ಲಿ ಪ್ರೋಟೀನ್ ಅದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಬರೀ ರೇಷ್ಮೆ ಹುಳುವಿನಲ್ಲೇ ಮರಿ ಬೆಳೆಸಲು ಹೋದರೆ ಹೊಟ್ಟೆ ತುಂಬಿದಂತೆ ಕಾಣುತ್ತದೆ, ತೂಕ ನಿಧಾನವಾಗುತ್ತದೆ. ಬೆರಕೆ ಮಾಡಿ ಕೊಡಿ. ನೀರು ಜಾಸ್ತಿ ಇರೋದು ಬೇಸಿಗೆಯಲ್ಲಿ ಒಂದು ಅನುಕೂಲ ಕೂಡ. ಮಲ ಗಟ್ಟಿಯಾಗಿ ತೊಂದರೆಪಡುವ ಮರಿಗೆ ನಾನು ಮೊದಲು ಹೇಳುವುದು ಇದನ್ನೇ.

ಯಾವ ಹಂತದ ಹುಳು? ನಿಮ್ಮ ಕಡೆಯವರಿಗೆ ಜ್ವರದ, ಅಂದರೆ ಹುಳು ಪೊರೆ ಬಿಡಲು ಮೇವು ಬಿಟ್ಟು ಕೂರುವ ಹೊತ್ತಿನ, ಲೆಕ್ಕ ಗೊತ್ತೇ ಇರುತ್ತದೆ. ಚಾಕಿ ಹುಳು ಬೇಕು. ಮೊದಲ ಜ್ವರ ಕಳೆದು ಎದ್ದ ಹುಳು ಈಗಿನ ನಿಮ್ಮ ಮರಿಗೆ ಸರಿಯಾದ ಗಾತ್ರ. ಎರಡನೇ ಜ್ವರ ಕಳೆದ ಹುಳುವನ್ನು ಇನ್ನೆರಡು ವಾರ ಬಿಟ್ಟು, ಅಂದರೆ ಮರಿ ಸ್ವಲ್ಪ ಬಲಿತ ಮೇಲೆ ಕೊಡಿ. ಮೂರನೇ ಜ್ವರ ದಾಟಿದ್ದು ಈಗ ಬೇಡವೇ ಬೇಡ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳು ದೊಡ್ಡ ಗೆಕ್ಕೋಗೂ ಬೇಡ, ಅದರ ಮೈ ತುಂಬಾ ರೇಷ್ಮೆಯ ಅಂಟೇ ಇರುತ್ತದೆ. ಜ್ವರಕ್ಕೆ ಕೂತ ಹುಳು ಕೊಟ್ಟು, 'ನಮ್ಮ ಮರಿಗೆ ರೇಷ್ಮೆ ಹುಳು ಹಿಡಿಸಲ್ಲ' ಅಂತ ಬರೆದವರಿದ್ದಾರೆ. ಜ್ವರದಲ್ಲಿ ಹುಳು ತಲೆ ಎತ್ತಿಕೊಂಡು ಕಲ್ಲಿನ ಹಾಗೆ ಕೂತಿರುತ್ತೆ ಅಲ್ವಾ? ಅಲುಗದ ಹುಳು ಮರಿಯ ಕಣ್ಣಿಗೆ ಬೀಳುವುದೇ ಇಲ್ಲ. ಎದ್ದು ಸೊಪ್ಪಿಗೆ ಹರಿಯುವ ಹುಳುವನ್ನು ಆರಿಸಿ.

ಈಗ ಎಚ್ಚರಿಕೆ. ಇದನ್ನು ದಯವಿಟ್ಟು ಎರಡು ಸಲ ಓದಿ.

ರೇಷ್ಮೆ ಮನೆಯಲ್ಲಿ ರೋಗ ಬರದಂತೆ ನೋಡಿಕೊಳ್ಳಲು ಪುಡಿ ಹಾಕುತ್ತಾರೆ. ಹುಳು ಜ್ವರಕ್ಕೆ ಕೂತಾಗ ಹಾಸಿಗೆ ಒಣಗಿರಲಿ ಅಂತ ಸುಣ್ಣ ಉದುರಿಸುತ್ತಾರೆ. ಎದ್ದ ಮೇಲೆ ಹಾಸಿಗೆಗೆ ಹಾಕುವ ಔಷಧಿ ಪುಡಿ ಬೇರೆ. ಮನೆ ತೊಳೆಯಲು ಬ್ಲೀಚಿಂಗ್ ಪೌಡರ್, ಫಾರ್ಮಾಲಿನ್ ಬಳಸುವವರೂ ಇದ್ದಾರೆ. ಹುಳುವಿಗೆ ಅದು ಬೇಕು, ರೈತರದ್ದು ಏನೂ ತಪ್ಪಿಲ್ಲ. ಆದರೆ ಆ ಪುಡಿ ಮೆತ್ತಿದ ಹುಳುವನ್ನು 4 ಗ್ರಾಂ ತೂಕದ ಮರಿ ನುಂಗಿದರೆ ಅದರ ಬಾಯಿ, ಗಂಟಲು, ಹೊಟ್ಟೆ ಎಲ್ಲ ಸುಡುತ್ತದೆ. ಸೊಪ್ಪಿನ ಮಾತೂ ಹಾಗೇ. ತೋಟದಲ್ಲಿ ನುಸಿಗೋ ಎಲೆ ಸುರುಳಿ ಹುಳುವಿಗೋ ಔಷಧಿ ಹೊಡೆದಿರಬಹುದು. ಹಿಪ್ಪುನೇರಳೆ ಪಕ್ಕದಲ್ಲೇ ಟೊಮ್ಯಾಟೊ, ದ್ರಾಕ್ಷಿ, ಹೂವಿನ ತೋಟ ಇದ್ದರೆ ಗಾಳಿಗೆ ಹಾರಿ ಬರುತ್ತದೆ.

ಹಾಗಾಗಿ ನೇರ ತಟ್ಟೆಯಿಂದ ಮರಿಯ ಬಾಯಿಗೆ ಬೇಡ. ಪಕ್ಕದ ಮನೆಯವರನ್ನು ಕೇಳಿ, ಇನ್ನೂ ಪುಡಿ ಹಾಕದ ಚಾಕಿ ಹುಳು ಒಂದು ಮುಷ್ಟಿ ಇಸಿದುಕೊಳ್ಳಿ. ಸೊಪ್ಪಿಗೆ ಕೊನೆಯ ಸಲ ಔಷಧಿ ಯಾವಾಗ ಹೊಡೆದದ್ದು ಅಂತಲೂ ಕೇಳಿ, ಬೇಸರ ಮಾಡಿಕೊಳ್ಳುವುದಿಲ್ಲ. ಹುಳುವನ್ನು ನಿಮ್ಮದೇ ಒಂದು ಸ್ವಚ್ಛ ಡಬ್ಬಿಗೆ ಹಾಕಿ. ಔಷಧಿ ಕಾಣದ ಗಿಡದ ಎಳೆ ಎಲೆ ತೊಳೆದು, ನೀರು ಪೂರ್ತಿ ಒರೆಸಿ, ಎರಡು ದಿನ ನೀವೇ ಮೇಯಿಸಿ. ಒದ್ದೆ ಎಲೆ ಹಾಕಬೇಡಿ. ಸೊಳ್ಳೆ ಬತ್ತಿ ಹಚ್ಚುವ ಕೋಣೆಯಲ್ಲಿ ಡಬ್ಬಿ ಇಡಬೇಡಿ. ಈ ಎರಡು ದಿನದಲ್ಲಿ ಹಳೆಯ ಸೊಪ್ಪು ಹಿಕ್ಕೆಯಾಗಿ ಹೊರಗೆ ಹೋಗುತ್ತದೆ, ಹೊಸ ಸೊಪ್ಪು ಒಳಗೆ ಬರುತ್ತದೆ. ಇನ್ನೂ ಒಂದು ಲಾಭ ಇದೆ. ಕೀಟನಾಶಕಕ್ಕೆ ರೇಷ್ಮೆ ಹುಳುವಿನಷ್ಟು ಸೂಕ್ಷ್ಮ ಜೀವ ಕಡಿಮೆ. ಸೊಪ್ಪಿನಲ್ಲಿ ಔಷಧಿ ಇದ್ದರೆ ಹುಳು ಒದ್ದಾಡುತ್ತದೆ, ಬಾಯಿಂದ ರಸ ಕಕ್ಕುತ್ತದೆ, ಸಾಯುತ್ತದೆ. ಒಂದೇ ಒಂದು ಹುಳುವಿನಲ್ಲಿ ಹಾಗೆ ಕಂಡರೂ ಆ ಡಬ್ಬಿ ಪೂರ್ತಿ ಬಿಡಿ. ಎರಡು ದಿನ ಚುರುಕಾಗಿ ಮೇದು, ಮೈ ಬೆಳ್ಳಗೆ ಬಿಗಿಯಾಗಿದ್ದರೆ ಕೊಡಬಹುದು. ಮೈ ಊದಿ ಹಾಲಿನಂಥ ರಸ ಬರುವುದು, ಸುಣ್ಣದ ಕಡ್ಡಿಯ ಹಾಗೆ ಗಟ್ಟಿಯಾದದ್ದು, ಜೋತು ಬಿದ್ದದ್ದು, ಹುಳುವಿನ ಮೈಮೇಲೆ ಮೊಟ್ಟೆ ಇಡುವ ಊಜಿ ನೊಣದ ಕಪ್ಪು ಚುಕ್ಕೆ ಇರುವುದು, ಇವು ಯಾವುದೂ ಬೇಡ. ಇದನ್ನು ನಿಮಗಿಂತ ಪಕ್ಕದ ಮನೆಯವರು ಚೆನ್ನಾಗಿ ಗುರುತಿಸುತ್ತಾರೆ.

ಒಂದು ಕಷ್ಟ ಇದ್ದೇ ಇದೆ. ಹುಳು ಬೇಗ ಬೆಳೆಯುತ್ತದೆ. ಇವತ್ತು ಸರಿಯಾದ ಗಾತ್ರ ಅಂದದ್ದು ಐದಾರು ದಿನಕ್ಕೆ ಮರಿಯ ಬಾಯಿಗೆ ಮೀರುತ್ತದೆ. ಊರಲ್ಲಿ ಎಲ್ಲರೂ ಒಂದೇ ದಿನ ಚಾಕಿ ತರುವುದಿಲ್ಲವಲ್ಲ. ಹತ್ತು ದಿನಕ್ಕೊಮ್ಮೆ ಒಬ್ಬೊಬ್ಬರ ಮನೆಯಿಂದ ಒಂದೊಂದು ಮುಷ್ಟಿ ತಂದರೆ ಸಾಕು. ನಡುವಿನ ದಿನಗಳಿಗೆ ಬೇರೆ ಹುಳು ಬೇಕು. ಅದಕ್ಕೆ ಕ್ರಿಕೆಟ್, ಮೀಲ್‌ವರ್ಮ್.

ಕ್ರಿಕೆಟ್ ಅಂದರೆ ರಾತ್ರಿ ಗೋಡೆ ಸಂದಿಯಲ್ಲಿ ಕಿರ್ರ್ ಅನ್ನೋ ಹುಳುವಿನ ಜಾತಿ. ಮರಿಗೆ ಇದರಷ್ಟು ಒಗ್ಗುವ ಊಟ ಇಲ್ಲ, ಓಡುವುದರಿಂದ ಮರಿಯ ಕಣ್ಣಿಗೆ ಬೇಗ ಬೀಳುತ್ತದೆ. ಸಾಕಿದ ಕ್ರಿಕೆಟ್ ತರಿಸಿ, ಹಿತ್ತಲಲ್ಲಿ ಹಿಡಿದದ್ದು ಬೇಡ. ಒಂದು ವಾರ ಹತ್ತು ದಿನ ವಯಸ್ಸಿನ, ಇನ್ನೂ ರೆಕ್ಕೆ ಬಾರದ ಮರಿಗಳೇ ಸಾಕು. ಮೊಟ್ಟೆ ಟ್ರೇ ಹಾಕಿದ ಡಬ್ಬಿಯಲ್ಲಿಟ್ಟು, ಕೊಡುವ ಹಿಂದಿನ ದಿನ ನುಗ್ಗೆ ಸೊಪ್ಪು, ಕ್ಯಾರೆಟ್ ತುರಿ ತಿನ್ನಿಸಿ. ಹಸಿದ ಕ್ರಿಕೆಟ್ ಅಂದರೆ ಬರೀ ಚಿಪ್ಪು, ಅದನ್ನು ತಿಂದರೆ ಮರಿಗೆ ಏನೂ ಸಿಗುವುದಿಲ್ಲ. ಕಾಲು ಗಂಟೆಯಲ್ಲಿ ತಿನ್ನದೆ ಉಳಿದ ಕ್ರಿಕೆಟ್‌ಗಳನ್ನು ಲೆಕ್ಕ ಹಾಕಿ ಹೊರಗೆ ತೆಗೆಯಿರಿ. ರಾತ್ರಿ ಒಳಗೇ ಬಿಟ್ಟರೆ ಮಲಗಿದ ಮರಿಯ ಬೆರಳು, ಕಣ್ಣಿನ ರೆಪ್ಪೆ ಕಡಿಯುತ್ತವೆ.

ಮೀಲ್‌ವರ್ಮ್ ಸಾಕುವುದು ಎಲ್ಲಕ್ಕಿಂತ ಸುಲಭ. ಗೋಧಿ ಬೂಸಾ ತುಂಬಿದ ಡಬ್ಬಿ, ಮೇಲೊಂದು ಕ್ಯಾರೆಟ್ ತುಂಡು, ಅಷ್ಟೇ. ಆದರೆ ಮೈ ಗಟ್ಟಿ, ಕೊಬ್ಬು ಜಾಸ್ತಿ. ಮರಿಗೆ ಸಣ್ಣವನ್ನು, ಅದರಲ್ಲೂ ಈಗಷ್ಟೇ ಪೊರೆ ಬಿಟ್ಟು ಬೆಳ್ಳಗಿರುವುದನ್ನು ಆರಿಸಿ ಕೊಡಿ. ಅದು ಬೆಣ್ಣೆಯ ಹಾಗೆ ಮೆತ್ತಗಿರುತ್ತದೆ. ಮೀಲ್‌ವರ್ಮಿಗಿಂತ ದೊಡ್ಡದಾದ ಸೂಪರ್‌ವರ್ಮ್ ಈ ವಯಸ್ಸಿಗೆ ಬೇಡ. ಡುಬಿಯಾ ಜಿರಳೆಯ ಮರಿ ಸಿಕ್ಕರೆ ಒಳ್ಳೇದು, ನುಣುಪು ಗೋಡೆ ಹತ್ತಲಾರದು, ಸದ್ದಿಲ್ಲ. ಕಸ ಗೊಬ್ಬರ ಮಾಡುವ ಕಡೆ ಸಿಗುವ ಬ್ಲ್ಯಾಕ್ ಸೋಲ್ಜರ್ ಫ್ಲೈ ಹುಳುವಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿದೆ ಅನ್ನೋದು ನಿಜ. ಆದರೆ ಕೊಳೆತ ಕಸ ತಿಂದ ಹುಳು ತರಬೇಡಿ, ಶುಚಿಯಾಗಿ ಸಾಕಿದ್ದು ಸಿಕ್ಕರೆ ಮಾತ್ರ.

ಹಿತ್ತಲಿನ ಮಿಡತೆ, ಅಡುಗೆಮನೆಯ ಜಿರಳೆ ಎರಡಕ್ಕೂ ನನ್ನ ಉತ್ತರ ಬೇಡ. ನಮ್ಮ ಕಡೆ ತರಕಾರಿಗೆ ಹೊಡೆಯುವ ಔಷಧಿ ಕಡಿಮೆಯೇನಲ್ಲ, ಮಿಡತೆ ಯಾವ ತೋಟದಲ್ಲಿ ಮೇದು ಬಂತು ಅಂತ ಯಾರು ಹೇಳುತ್ತಾರೆ? ಮನೆ ಜಿರಳೆ ಯಾರ ಮನೆಯ ಸ್ಪ್ರೇ ತಿಂದು ಬಂದಿದೆಯೋ. ಮೊದಲ ಮಳೆಗೆ ದೀಪದ ಸುತ್ತ ಬೀಳುವ ಮಳೆಹುಳು ನೋಡಿ ಮಗನಿಗೆ ಆಸೆ ಆಗಬಹುದು. ಅದರ ಜೊತೆ ಬೇರೆ ಏನೇನೋ ಬಂದಿರುತ್ತದೆ, ಬೇಡ ಅನ್ನಿ. ಮಿಂಚುಹುಳುವನ್ನಂತೂ ಮರಿಯ ಹತ್ತಿರವೂ ಸುಳಿಯಲು ಬಿಡಬೇಡಿ. ಅದರ ಮೈಯಲ್ಲಿ ವಿಷ ಇದೆ. ಹೊರದೇಶಗಳಲ್ಲಿ ಸಾಕಿದ ಓತಿಕ್ಯಾತಗಳು ಮಿಂಚುಹುಳು ತಿಂದು ಸತ್ತದ್ದು ದಾಖಲಾಗಿದೆ. ಕಂಬಳಿಹುಳು, ಇರುವೆ, ಜೇಡ ಇವೂ ಬೇಡ.

ಕ್ಯಾಲ್ಸಿಯಂ ಬಗ್ಗೆ ಹೇಳುವಾಗ ನನಗೆ ಈಗಲೂ ಮನಸ್ಸು ಭಾರವಾಗುತ್ತದೆ. ನಾನು ಓದು ಮುಗಿಸಿ ಮೊದಲು ಸಾಕಿದ ಗೆಕ್ಕೋ ಮರಿಗೆ ಬರೀ ಮೀಲ್‌ವರ್ಮ್ ಹಾಕುತ್ತಿದ್ದೆ. ಮಾರಿದವರು ಅಷ್ಟು ಸಾಕು ಅಂದಿದ್ದರು, ನಾನೂ ನಂಬಿದೆ. ಚೆನ್ನಾಗಿ ತಿನ್ನುತ್ತಿತ್ತು, ಬಾಲ ದಪ್ಪ ಇತ್ತು. ಒಂದು ದಿನ ಹುಳು ಹಿಡಿಯಲು ನೆಗೆದಾಗ ಕೆಳದವಡೆ ಪಕ್ಕಕ್ಕೆ ಬಾಗಿದ್ದು ಕಂಡಿತು. ಬೆರಳಿಟ್ಟು ನೋಡಿದರೆ ಮೂಳೆ ರಬ್ಬರಿನ ಹಾಗೆ. ಔಷಧಿಯಿಂದ ಜೀವ ಉಳಿಯಿತು, ಆದರೆ ದವಡೆ ಕೊನೆಯವರೆಗೂ ಸೊಟ್ಟಗೇ ಉಳಿಯಿತು.

ಕಾರಣ ಇಷ್ಟೇ. ಹುಳುಗಳಲ್ಲಿ ರಂಜಕ (ಫಾಸ್ಫರಸ್) ಜಾಸ್ತಿ, ಕ್ಯಾಲ್ಸಿಯಂ ಕಡಿಮೆ. ಕ್ರಿಕೆಟ್‌ನಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಆರೇಳು ಪಟ್ಟು, ಮೀಲ್‌ವರ್ಮಿನಲ್ಲಿ ಅದಕ್ಕೂ ಜಾಸ್ತಿ. ಮರಿಗೆ ಬೇಕಾದದ್ದು ಇದರ ತಿರುಗುಮುರುಗು, ಕ್ಯಾಲ್ಸಿಯಂ ಸ್ವಲ್ಪ ಮೇಲಿರಬೇಕು. ಊಟದಲ್ಲಿ ಸಿಗದಿದ್ದರೆ ಮೈ ತನ್ನ ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಅದಕ್ಕೆ ಪ್ರತಿ ಸಲ ಹುಳುವಿಗೆ ಪುಡಿ ಸವರಿ ಕೊಡಬೇಕು. ಸರೀಸೃಪಗಳಿಗೆ ಅಂತಲೇ ಸಿಗುವ ಕ್ಯಾಲ್ಸಿಯಂ ಪುಡಿ ತರಿಸಿ. ಒಂದು ಚಿಟಿಕೆ ಪುಡಿ, ಐದಾರು ಹುಳು ಒಂದು ಲೋಟಕ್ಕೆ ಹಾಕಿ ಮೆಲ್ಲಗೆ ಕುಲುಕಿ. ರೇಷ್ಮೆ ಹುಳುವನ್ನು ಕುಲುಕಬೇಡಿ, ಜಜ್ಜಿ ಹೋಗುತ್ತದೆ, ತಟ್ಟೆಯಲ್ಲಿ ಉರುಳಿಸಿದರೆ ಸಾಕು. ವಾರದಲ್ಲಿ ಎರಡು ದಿನ ವಿಟಮಿನ್ ಡಿ3 ಸೇರಿದ ಕ್ಯಾಲ್ಸಿಯಂ ಪುಡಿ, ಒಂದು ದಿನ ವಿಟಮಿನ್ ಪುಡಿ, ಉಳಿದ ದಿನ ಬರೀ ಕ್ಯಾಲ್ಸಿಯಂ. ಡಿ3 ಜಾಸ್ತಿಯಾದರೂ ಕೆಡುಕು.

ಪುಡಿ ಬರುವವರೆಗೆ ಏನು ಮಾಡೋದು? ಮೊಟ್ಟೆ ಚಿಪ್ಪನ್ನು ಚೆನ್ನಾಗಿ ಕುದಿಸಿ, ಒಣಗಿಸಿ, ಮಿಕ್ಸಿಗೆ ಹಾಕಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗಿರಬೇಕು. ಎಲೆ ಅಡಿಕೆಯ ಸುಣ್ಣ ಮಾತ್ರ ಖಂಡಿತ ಹಾಕಬೇಡಿ. ಅದರಲ್ಲೂ ಕ್ಯಾಲ್ಸಿಯಂ ಇದೆಯಲ್ಲ ಅಂತ ಒಬ್ಬರು ಕೇಳಿದ್ದರು. ಅದು ಸುಡುವ ಸುಣ್ಣ, ಮರಿಯ ಬಾಯಿ ಬೆಂದು ಹೋಗುತ್ತದೆ. ಶಾಲೆಯ ಚಾಕ್‌ಪೀಸ್ ಕೂಡ ಬೇಡ.

ಎಷ್ಟು ಕೊಡಬೇಕು ಅಂದರೆ, ದಿನಾ ಸಂಜೆ ಒಂದು ಸಲ, ಐದರಿಂದ ಏಳು ಹುಳು. ಕಾಲು ಗಂಟೆಯಲ್ಲಿ ಎಷ್ಟು ತಿನ್ನುತ್ತದೋ ಅಷ್ಟು. ನಾಲ್ಕು ತಿಂಗಳವರೆಗೆ ಹೀಗೇ ನಡೆಯಲಿ. ನಾನಾಗಿದ್ದರೆ ವಾರದಲ್ಲಿ ಮೂರು ದಿನ ಕ್ರಿಕೆಟ್, ಎರಡು ಮೂರು ದಿನ ಚಾಕಿ ಹುಳು, ಉಳಿದದ್ದಕ್ಕೆ ಮೀಲ್‌ವರ್ಮ್ ಇಟ್ಟುಕೊಳ್ಳುತ್ತೇನೆ. ಪೆಟ್ಟಿಗೆಯಲ್ಲಿ ಮರಳು ಹಾಕಬೇಡಿ, ಹುಳುವಿನ ಜೊತೆ ನುಂಗುತ್ತದೆ. ಟಿಶ್ಯೂ ಪೇಪರ್ ಹಾಸಿ. ಚಿನ್ನ ತೂಗುವಂಥ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ತಂದು ವಾರಕ್ಕೊಮ್ಮೆ ತೂಗಿ ಬರೆದಿಡಿ. ಈ ಕೆಲಸ ಮಗನಿಗೆ ಕೊಡಿ. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವ ರೂಢಿಯೂ ಅವನಿಗೆ ಆಗಲಿ, ಇವುಗಳ ಮೈಮೇಲೆ ನಮ್ಮ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಅನ್ನೋ ರೋಗಾಣು ಇರಬಹುದು.

ಇನ್ನೊಂದು, ಮರಿ ತಂದ ಕಡೆಯಿಂದ ರಸೀದಿ ಮತ್ತು ಅದು ಸಾಕಿದ ತಳಿಯ ಮರಿ ಅನ್ನೋ ಕಾಗದ ತೆಗೆದುಕೊಂಡಿದ್ದೀರಾ? ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಲೆಪರ್ಡ್ ಗೆಕ್ಕೋ ನಮ್ಮ ದೇಶದ ವಾಯವ್ಯದ ಕಡೆ ಕಾಡಿನಲ್ಲೂ ಇರುವ ಜಾತಿ, ಹಾಗಾಗಿ ಈ ಕಾಯ್ದೆ ಇದಕ್ಕೂ ತಗಲಬಹುದು. ಅರಣ್ಯ ಇಲಾಖೆಯ ಕಚೇರಿಗೆ ಹೋಗಿ ಕಾಗದ ತೋರಿಸಿ ಕೇಳಿಬಿಡಿ. ಬಂಡೆ, ಬೆಟ್ಟದಲ್ಲಿ ಕಾಣುವ ಹಲ್ಲಿ ಮರಿಗಳನ್ನು ಜೊತೆಗೆ ಅಂತ ಹಿಡಿದು ತರಬೇಡಿ.

ತಿನ್ನದ ಆ ಮರಿಗೆ ಇವತ್ತು ರಾತ್ರಿ ಹೀಗೆ ಮಾಡಿ. ಬೇರೆ ಪೆಟ್ಟಿಗೆ, ಬೆಚ್ಚಗಿನ ನೆಲ, ಅಡಗಿಕೊಳ್ಳಲು ಒಂದು ಸಣ್ಣ ಡಬ್ಬಿ, ಅದರೊಳಗೆ ಒದ್ದೆ ಟಿಶ್ಯೂ. ಬಾಟಲಿ ಮುಚ್ಚಳದಲ್ಲಿ ನೀರು. ಎರಡು ದಿನ ಕೈಗೆತ್ತಿಕೊಳ್ಳಬೇಡಿ. ಮೂರನೇ ದಿನ ಸಂಜೆ ಇನ್ನೊಂದು ಮುಚ್ಚಳದಲ್ಲಿ ಮೂರು ಚಾಕಿ ಹುಳು ಹಾಕಿ, ಅಡಗುವ ಡಬ್ಬಿಯ ಬಾಯಿಗೆ ಇಟ್ಟು ದೂರ ಸರಿಯಿರಿ. ಬಲವಂತವಾಗಿ ಬಾಯಿ ಬಿಡಿಸಬೇಡಿ, ದವಡೆ ಮುರಿಯುತ್ತದೆ. ಬಾಲ ತೆಳ್ಳಗಾಗುತ್ತಾ ಬಂದರೆ, ಬೆರಳು ನಡುಗಿದರೆ, ಹೊಟ್ಟೆ ಎತ್ತದೆ ಎಳೆದುಕೊಂಡು ನಡೆದರೆ, ಅಥವಾ ಇವತ್ತಿನಿಂದ ಐದನೇ ದಿನಕ್ಕೂ ಬಾಯಿ ಹಾಕದಿದ್ದರೆ ಕಾಯಬೇಡಿ. ಬಟ್ಟೆ ಹಾಸಿದ ಡಬ್ಬಿಯಲ್ಲಿ ಬೆಚ್ಚಗಿಟ್ಟುಕೊಂಡು ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೊರಡಿ. ತೂಕ ಬರೆದ ಚೀಟಿ, ಕೊಟ್ಟ ಹುಳುವಿನ ಒಂದೆರಡು ಮಾದರಿ, ಸಿಕ್ಕರೆ ಒಣಗಿದ ಮಲ ಒಂದು ಪೊಟ್ಟಣದಲ್ಲಿ ಜೊತೆಗಿರಲಿ.